ಎಡಗಡೆಯ ಸೀಟಿನಲ್ಲಿ ಒಂದು ಗಂಟೆ: ಪ್ರಯಾಣಿಕ ವಿಮಾನದ ಸಿಮ್ಯುಲೇಟರ್ ಅನುಭವ ಹೇಗಿದೆ?

ವಿಮಾನವೆಂದರೆ ಪ್ರಾಣ ಎನ್ನುವವರಿಗಾಗಿ ಇಂದು ಬಗೆಬಗೆಯ ಅನುಭವಗಳು ದೊರೆಯುತ್ತವೆ. ಎಂಜಿನ್ನೇ ಇಲ್ಲದ ಗ್ಲೈಡರ್‌ನಲ್ಲಿ ಬೋಧಕರ ಜೊತೆ ಹಾರಬಹುದು. ಪುಟ್ಟ ವಿಮಾನವೊಂದರಲ್ಲಿ ಹಾರಾಟದ ಮೊದಲ ಪಾಠ ಹೇಳಿಸಿಕೊಳ್ಳಬಹುದು. ಕಮಾನಿನಂತೆ ಏರಿ ಇಳಿಯುವ ವಿಶೇಷ ಹಾರಾಟದಲ್ಲಿ ಒಂದೊಂದು ಸಲಕ್ಕೆ ಸುಮಾರು 20 ಸೆಕೆಂಡುಗಳ ಕಾಲ ಮೈಯ ಭಾರವೇ ತಿಳಿಯದಂತೆ ತೇಲಬಹುದು. ಇವುಗಳ ನಡುವೆ ಹೆಚ್ಚು ಜನ ಆರಿಸಿಕೊಳ್ಳುವುದು, ಮಳೆಗಾಳಿಯ ಕಾರಣಕ್ಕೆ ರದ್ದಾಗದಿರುವುದು, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡಲು ಸುಲಭವಾಗಿರುವುದು ಪ್ರಯಾಣಿಕ ವಿಮಾನದ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೆಯೇ ಹಾರಾಟವನ್ನು ಅನುಕರಿಸುವ ಯಂತ್ರದಲ್ಲಿ, ಕಳೆಯುವ ಒಂದು ಗಂಟೆ. ಬೋಯಿಂಗ್ 737ರ ಕಾಕ್‌ಪಿಟ್ ಅನ್ನು ಹಾಗೆಯೇ ಮರುರಚಿಸಿರುವ, ನೆಲಕ್ಕೆ ಭದ್ರವಾಗಿ ಕೂರಿಸಿದ ಅಂಥದೊಂದು ಯಂತ್ರದಲ್ಲಿ, ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿನಲ್ಲಿ ಕುಳಿತು ಎದ್ದ ಮೇಲೆ ಈ ಸೇವೆಯ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಇದು ಖಂಡಿತವಾಗಿಯೂ ಪಡೆಯಬೇಕಾದ ಅನುಭವ, ಆದರೆ ಅದರ ಬೆಲೆ ನಿಂತಿರುವುದು ಯಂತ್ರದ ಅದ್ದೂರಿತನದ ಮೇಲಲ್ಲ, ಆ ಒಂದು ಗಂಟೆಯಲ್ಲಿ ಹಾರಿಸುವ ಕೆಲಸವನ್ನು ಎಷ್ಟರ ಮಟ್ಟಿಗೆ ನಿಮ್ಮ ಕೈಗೆ ಬಿಟ್ಟುಕೊಡುತ್ತಾರೆ ಎಂಬುದರ ಮೇಲೆ.

ಒಳಗೆ ಕಾಲಿಟ್ಟಾಗ ಮೊದಲು ಅಚ್ಚರಿ ಹುಟ್ಟಿಸುವುದು ಜಾಗದ ಇಕ್ಕಟ್ಟು. ಇಷ್ಟು ದೊಡ್ಡ ವಿಮಾನವನ್ನು ಇಷ್ಟು ಚಿಕ್ಕ ಕೋಣೆಯಲ್ಲಿ ಕುಳಿತು ನಡೆಸುತ್ತಾರೆಯೇ ಎನಿಸುತ್ತದೆ. ತಲೆಯ ಮೇಲೆ ವಿದ್ಯುತ್ತು, ಇಂಧನ, ಹೈಡ್ರಾಲಿಕ್ ಮುಂತಾದ ವ್ಯವಸ್ಥೆಗಳ ಸ್ವಿಚ್ಚುಗಳ ಸಾಲು, ಎದುರಿಗೆ ಪರದೆಗಳು, ಎರಡು ಸೀಟುಗಳ ನಡುವಿನ ಕಟ್ಟೆಯ ಮೇಲೆ ಎಂಜಿನ್ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಸ್ಟ್ ಲಿವರ್‌ಗಳು. ಆ ಕಟ್ಟೆಯ ಎರಡೂ ಬದಿಗೆ, ಮೊಣಕಾಲಿಗೆ ತೀರ ಹತ್ತಿರದಲ್ಲಿ, ಬಿಳಿ ಪಟ್ಟಿ ಎಳೆದ ಕಪ್ಪು ಚಕ್ರಗಳಿವೆ. ಇವು ವಿಮಾನದ ಸಮತೋಲವನ್ನು ಹೊಂದಿಸುವ ಟ್ರಿಮ್ ಚಕ್ರಗಳು. ಯೋಕ್ (ವಿಮಾನವನ್ನು ಏರಿಸಲು, ಇಳಿಸಲು, ವಾಲಿಸಲು ಪೈಲಟ್ ಹಿಡಿಯುವ ಚುಕ್ಕಾಣಿ) ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಇವು ಕಟಕಟನೆ ಸದ್ದು ಮಾಡುತ್ತ ತಿರುಗತೊಡಗುತ್ತವೆ, ಅದೇ ಹೊತ್ತಿಗೆ ವಿಮಾನದ ಬಾಲದಲ್ಲಿರುವ ಅಡ್ಡರೆಕ್ಕೆಯ ಕೋನ ಬದಲಾಗುತ್ತದೆ. ವಿದ್ಯುತ್ ವ್ಯವಸ್ಥೆ ಕೈಕೊಟ್ಟರೆ ಚಕ್ರದೊಳಗೆ ಮಡಚಿಟ್ಟಿರುವ ಹಿಡಿಯನ್ನು ಹೊರಗೆಳೆದು ಕೈಯಿಂದಲೇ ತಿರುಗಿಸಬಹುದು. 1967ರಲ್ಲಿ ಮೊದಲ ಬಾರಿ ಹಾರಿದ 737ರ ವಂಶ ಈ ಚಕ್ರವನ್ನು ಇಂದಿಗೂ ಬಿಟ್ಟಿಲ್ಲ. ವಿಮಾನಗಳ ಚಿತ್ರ ನೋಡಿ, ವಿಡಿಯೊ ನೋಡಿ ಬೆಳೆದ ಯಾರಿಗೇ ಆಗಲಿ, ಆ ಚಕ್ರ ತಮ್ಮ ಬೆರಳಿನ ಅಪ್ಪಣೆಗೆ ತಿರುಗುವುದನ್ನು ಪಕ್ಕದಲ್ಲೇ ನೋಡುವುದು, ಅದರ ಸದ್ದನ್ನು ಕೇಳುವುದು ಬಹಳ ದೊಡ್ಡ ಸಂತೋಷ. ಕೆಲವು ಕೇಂದ್ರಗಳು ಸೇವೆಯಿಂದ ನಿವೃತ್ತವಾದ ವಿಮಾನದ ಮೂಗಿನ ಭಾಗವನ್ನೇ ಕತ್ತರಿಸಿ ತಂದು ಸಿಮ್ಯುಲೇಟರ್ ಕಟ್ಟುತ್ತವೆ. ಅಂಥಲ್ಲಿ ಬಣ್ಣ ಸವೆದ ಲಿವರ್‌ಗಳೂ ಗೀರು ಬಿದ್ದ ಅಂಚುಗಳೂ ಸಿಗುತ್ತವೆ. ಹೊಸದಾಗಿ ತಯಾರಿಸಿದ ಪ್ರತಿಕೃತಿಗಿಂತ ನನಗೆ ಅದು ಹೆಚ್ಚು ಇಷ್ಟ.

ಮನರಂಜನೆಗಾಗಿ ಸಿಮ್ಯುಲೇಟರ್ ಹತ್ತುವುದನ್ನು ಕೀಳಾಗಿ ಕಾಣುವವರೂ ಇದ್ದಾರೆ. ಅವರು ಈ ಯಂತ್ರದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಅಮೆರಿಕದ ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿ ತಮ್ಮ ತಂದೆಯ ಪಿಯಾನೊ ಮತ್ತು ಆರ್ಗನ್ ಕಾರ್ಖಾನೆಯಲ್ಲಿದ್ದ ತಿದಿ, ಗಾಳಿಯ ಪಂಪುಗಳನ್ನೇ ಬಳಸಿ, ಕುಳಿತವನ ಕೈಚಲನೆಗೆ ತಕ್ಕಂತೆ ವಾಲುವ, ತಿರುಗುವ ಪುಟ್ಟ ವಿಮಾನದ ಆಕೃತಿಯೊಂದನ್ನು ರೂಪಿಸಿದರು. ಆರಂಭದಲ್ಲಿ ಅದನ್ನು ಕೊಂಡವರು ಹೆಚ್ಚಾಗಿ ಮನರಂಜನಾ ಉದ್ಯಾನಗಳವರು. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಸೇನೆಯ ಪೈಲಟ್‌ಗಳ ಹೆಗಲಿಗೆ ಬಿದ್ದು, ಕೆಟ್ಟ ಹವೆಯಲ್ಲಿ ಉಪಕರಣಗಳನ್ನು ನೋಡಿಕೊಂಡೇ ಹಾರಿಸುವ ಅಭ್ಯಾಸವಿಲ್ಲದೆ ಹಲವರು ಪ್ರಾಣ ಕಳೆದುಕೊಂಡ ಮೇಲೆ, ಸೇನೆ ಲಿಂಕ್ ಅವರ ಯಂತ್ರಗಳನ್ನು ಖರೀದಿಸಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕುಳಿತು ಕಲಿತಿದ್ದರು. ಆಟಕ್ಕೂ ಪಾಠಕ್ಕೂ ಒಂದೇ ಯಂತ್ರ ಒದಗಿದ್ದು ಹೀಗೆ, ಮೊದಲಿನಿಂದಲೇ.

ಇಂದು ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳು ತರಬೇತಿ ಪಡೆಯುವುದು ಆರು ಕಾಲುಗಳ ಮೇಲೆ ನಿಂತ, ಎಲ್ಲ ದಿಕ್ಕಿಗೂ ಓಲಾಡುವ ಸಿಮ್ಯುಲೇಟರ್‌ಗಳಲ್ಲಿ. ಅವುಗಳಲ್ಲಿ ಅತ್ಯುನ್ನತ ದರ್ಜೆಯಾದ ‘ಲೆವೆಲ್ ಡಿ’ ಎಷ್ಟು ನಿಖರವೆಂದರೆ, ಅನುಭವವುಳ್ಳ ಪೈಲಟ್ ಹೊಸ ಮಾದರಿಯ ವಿಮಾನವನ್ನು ಇದರಲ್ಲೇ ಕಲಿತು, ಆ ಮಾದರಿಯ ನಿಜವಾದ ವಿಮಾನವನ್ನು ಮೊದಲ ಬಾರಿ ಹಾರಿಸುವಾಗ ಹಿಂದೆ ಪ್ರಯಾಣಿಕರೇ ಕುಳಿತಿರುವ ಸಾಧ್ಯತೆಯಿದೆ. ಈ ಯಂತ್ರಗಳು ಟೇಕಾಫ್ ಓಟದ ವೇಗವನ್ನು ಮೈಗೆ ತಿಳಿಸುವ ಉಪಾಯ ಬಹಳ ಜಾಣತನದ್ದು. ಕೋಣೆ ಮುಂದಕ್ಕೆ ಓಡಲಾರದು. ಆದ್ದರಿಂದ ಅದು ಸದ್ದಿಲ್ಲದೆ ಹಿಂದಕ್ಕೆ ವಾಲುತ್ತದೆ. ಬೆನ್ನು ಸೀಟಿಗೆ ಒತ್ತುತ್ತದೆ, ಕಣ್ಣು ರನ್‌ವೇ ಹಿಂದೆ ಸರಿಯುವುದನ್ನು ನೋಡುತ್ತಿರುತ್ತದೆ, ಮಿದುಳು ಇವೆರಡನ್ನೂ ಕೂಡಿಸಿ ವೇಗ ಹೆಚ್ಚುತ್ತಿದೆ ಎಂದು ತೀರ್ಮಾನಿಸುತ್ತದೆ. ಸಾರ್ವಜನಿಕರಿಗೆ ಸಿಗುವ ಸಿಮ್ಯುಲೇಟರ್‌ಗಳು ಬಹುಪಾಲು ಸ್ಥಿರವಾದವು. ಅವುಗಳಲ್ಲಿ ಈ ಒತ್ತಡ ಇರುವುದಿಲ್ಲ.

ಹಾಗಿದ್ದರೆ ಅದು ದೊಡ್ಡ ಕೊರತೆಯೇ? ನನಗೆ ಹಾಗೆನಿಸಲಿಲ್ಲ. ದೃಶ್ಯದ ಪರದೆ ಎರಡೂ ಬದಿಯ ಕಿಟಕಿಗಳಾಚೆಗೂ ಹಬ್ಬಿದ್ದರೆ, ವಿಮಾನ ವಾಲಿದಾಗ ಕುಳಿತವರ ಮೈ ತಾನಾಗಿಯೇ ಎದುರು ದಿಕ್ಕಿಗೆ ಒರಗುತ್ತದೆ. ಕೋಣೆ ಒಂದಿಷ್ಟೂ ಅಲುಗಿರುವುದಿಲ್ಲ. ಕಣ್ಣೊಂದೇ ಮೈಯನ್ನು ಇಷ್ಟು ನಂಬಿಸಬಲ್ಲದು ಎಂಬುದನ್ನು ಕಂಡುಕೊಳ್ಳುವುದೇ ಈ ಅನುಭವದ ಒಂದು ಭಾಗ. ಇದೇ ಕಾರಣಕ್ಕೆ ಕೆಲವರಿಗೆ ತಲೆಸುತ್ತು, ಹೊಟ್ಟೆ ತೊಳಸುವಿಕೆ ಆಗುವುದೂ ಉಂಟು. ಪ್ರಯಾಣದಲ್ಲಿ ಹಾಗಾಗುವ ಸ್ವಭಾವವಿರುವವರು ಕಡಿದಾದ ತಿರುವುಗಳನ್ನು ಮೊದಲಿಗೇ ಕೇಳಿಕೊಳ್ಳದಿರುವುದು ಒಳ್ಳೆಯದು.

ನಮ್ಮ ಬೋಧಕರು ಹಾರಾಟಕ್ಕೆ ಮುನ್ನ ನೀಡಿದ ವಿವರಣೆ ಚಿಕ್ಕದಾಗಿತ್ತು, ಆದರೆ ಅಚ್ಚುಕಟ್ಟಾಗಿತ್ತು. ಎದುರಿನ ಪರದೆಯಲ್ಲಿ ನೋಡಬೇಕಾದುದು ವೇಗ, ಎತ್ತರ, ಮೂಗಿನ ಕೋನ, ದಿಕ್ಕು ಈ ನಾಲ್ಕನ್ನು ಮಾತ್ರ. ಉಳಿದದ್ದನ್ನು ತಾವು ನೋಡಿಕೊಳ್ಳುವುದಾಗಿ ಹೇಳಿದರು. ಆಮೇಲೆ ಟೇಕಾಫ್. ಥ್ರಸ್ಟ್ ಲಿವರ್‌ಗಳನ್ನು ಒಮ್ಮೆಲೇ ಮುಂದಕ್ಕೆ ದೂಡುವುದಿಲ್ಲ. ಮೊದಲು ಅರ್ಧಕ್ಕಿಂತ ಕಡಿಮೆ ಶಕ್ತಿಗೆ ತಂದು, ಎರಡೂ ಎಂಜಿನ್‌ಗಳು ಒಂದೇ ಸಮನಾಗಿ ತಿರುಗುತ್ತಿವೆಯೇ ಎಂದು ನೋಡಿ, ಅನಂತರ ಪೂರ್ತಿ ಶಕ್ತಿ ಕೊಡಬೇಕು. ಇಲ್ಲವಾದರೆ ಒಂದು ಎಂಜಿನ್ ಮುಂದಾಗಿ ವಿಮಾನ ಒಂದು ಬದಿಗೆ ಎಳೆಯುತ್ತದೆ. ಓಡುವಾಗ ಯೋಕ್ ತಿರುಗಿಸಿದರೆ ವಿಮಾನ ರನ್‌ವೇಯ ನಡುಗೆರೆಗೆ ಮರಳುವುದಿಲ್ಲ. ಆ ಕೆಲಸ ಪಾದಗಳದ್ದು, ರಡ್ಡರ್ ಪೆಡಲ್‌ಗಳದ್ದು. ಕಾರು ಓಡಿಸಿ ಅಭ್ಯಾಸವಿರುವ ಕೈಗಳಿಗೆ ಇದನ್ನು ಒಪ್ಪಿಸಲು ಸ್ವಲ್ಪ ಹೊತ್ತು ಬೇಕು. ವೇಗ ‘ವಿ-1’ ಎಂಬ ಅಂಕಿಯನ್ನು ಮುಟ್ಟಿದಾಗ ಬೋಧಕರು ಅದನ್ನು ಕೂಗಿ ಹೇಳುತ್ತಾರೆ, ಲಿವರ್‌ಗಳ ಮೇಲಿದ್ದ ಕೈಯನ್ನು ನೀವು ತೆಗೆದುಬಿಡಬೇಕು. ಆ ವೇಗ ದಾಟಿದ ಮೇಲೆ ಎಂಜಿನ್ ಕೆಟ್ಟರೂ ನಿಲ್ಲಿಸಲು ರನ್‌ವೇ ಸಾಲದು, ಹಾರಲೇಬೇಕು. ಆತುರಕ್ಕೆ ಸಿಕ್ಕು ಶಕ್ತಿ ಇಳಿಸುವ ಅವಕಾಶವೇ ಇರಬಾರದೆಂದು ಕೈಯನ್ನು ಅಲ್ಲಿಂದ ತೆಗೆಯುವ ಪದ್ಧತಿ ಇದೆ. ಇಂಥ ಒಂದೊಂದು ಸಣ್ಣ ನಡೆಯ ಹಿಂದೆಯೂ ಕಾರಣವಿದೆ ಎಂದು ತೋರಿಸಿಕೊಡುವ ಬೋಧಕ ಸಿಕ್ಕರೆ ಕೊಟ್ಟ ಹಣ ಅಲ್ಲಿಗೇ ಸಾರ್ಥಕ.

ಮೇಲೇರಿದ ಮೇಲೆ ಮಾಡಬೇಕಾದ ಕೆಲಸ ಮೇಲ್ನೋಟಕ್ಕೆ ಬಹಳ ಸರಳ: ಒಂದೇ ಎತ್ತರದಲ್ಲಿ, ಒಂದೇ ದಿಕ್ಕಿನಲ್ಲಿ ಸಾಗುವುದು. ಆದರೆ ಹತ್ತಾರು ಟನ್ ತೂಕದ ವಿಮಾನ ಕೈಯ ಮಾತಿಗೆ ಕೂಡಲೇ ಉತ್ತರಿಸುವುದಿಲ್ಲ. ಹೊಸಬರು ಮೂಗು ಇಳಿಯಿತೆಂದು ಯೋಕ್ ಎಳೆಯುತ್ತಾರೆ, ಏನೂ ಆಗಲಿಲ್ಲವೆಂದು ಇನ್ನಷ್ಟು ಎಳೆಯುತ್ತಾರೆ, ಎರಡೂ ಎಳೆತಗಳ ಫಲ ಒಟ್ಟಿಗೇ ಬಂದು ಮೂಗು ಮೇಲಕ್ಕೆ ಚಿಮ್ಮಿದಾಗ ಗಾಬರಿಯಿಂದ ಮುಂದಕ್ಕೆ ತಳ್ಳುತ್ತಾರೆ. ಹೀಗೆ ವಿಮಾನ ಏರಿಳಿಯುತ್ತಲೇ ಇರುತ್ತದೆ. “ತುಸುವೇ ಒತ್ತಿ, ಕೈ ಸಡಿಲಿಸಿ, ಕಾಯಿರಿ. ನೀವು ಹೇಳಿದ್ದು ಅದಕ್ಕೆ ಕೇಳಿಸಿದೆ, ಉತ್ತರ ಕೊಡಲು ಸಮಯ ಕೊಡಿ” ಎಂದರು ಬೋಧಕರು. ಆಮೇಲೆ ಟ್ರಿಮ್. ಯೋಕ್ ಮೇಲೆ ಉಳಿದಿರುವ ಭಾರವನ್ನು ಹೆಬ್ಬೆರಳಿನ ಗುಂಡಿಯಿಂದ ಸ್ವಲ್ಪಸ್ವಲ್ಪವೇ ಕಳೆಯುತ್ತ ಹೋದರೆ, ಒಂದು ಹಂತದಲ್ಲಿ ಕೈ ಬಿಟ್ಟರೂ ವಿಮಾನ ತಾನೇ ನೆಟ್ಟಗೆ ಸಾಗುತ್ತದೆ. ಆಟೊಪೈಲಟ್ ಇಲ್ಲದೆ, ತಾವೇ ಹೊಂದಿಸಿದ ಸಮತೋಲದಲ್ಲಿ ವಿಮಾನ ನಿಂತುಕೊಂಡಿರುವುದನ್ನು ನೋಡುವ ಆ ಕ್ಷಣವನ್ನು ನಾನು ಇಡೀ ಗಂಟೆಯ ಶಿಖರವೆಂದು ಎಣಿಸುತ್ತೇನೆ. ಹೊರಗಿನ ದೃಶ್ಯದಲ್ಲಿ ಆಗ ವಿಶೇಷವೇನೂ ಇರುವುದಿಲ್ಲ, ಫೋಟೊದಲ್ಲಿ ಅದು ಕಾಣುವುದೂ ಇಲ್ಲ.

ಇಳಿಸುವ ಕೆಲಸ ಬೇರೆಯದೇ ಆದ ಲೆಕ್ಕ. ಸಾಮಾನ್ಯವಾಗಿ ವಿಮಾನಗಳು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತವೆ. ಅಂದರೆ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ ಇಳಿಯಬೇಕು. 140 ನಾಟ್ (ಗಂಟೆಗೆ 140 ನಾಟಿಕಲ್ ಮೈಲಿ) ವೇಗದಲ್ಲಿ ಅದು ನಿಮಿಷಕ್ಕೆ 700 ಅಡಿಯ ಆಸುಪಾಸಾಗುತ್ತದೆ. ರನ್‌ವೇಯ ಪಕ್ಕದಲ್ಲಿರುವ ನಾಲ್ಕು ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಜಾರು ಸರಿಯಿದೆ. ಕೆಂಪು ಹೆಚ್ಚಾದರೆ ವಿಮಾನ ತಗ್ಗಿಗೆ ಬಂದಿದೆ. ಕೊನೆಯಲ್ಲಿ ಯಂತ್ರದ ಧ್ವನಿ ಐವತ್ತು, ನಲವತ್ತು, ಮೂವತ್ತು ಎಂದು ಉಳಿದ ಅಡಿಗಳನ್ನು ಎಣಿಸತೊಡಗುತ್ತದೆ. ಇಪ್ಪತ್ತರ ಹೊತ್ತಿಗೆ ಮೂಗನ್ನು ಎರಡು ಮೂರು ಡಿಗ್ರಿ ಮಾತ್ರ ಎತ್ತಬೇಕು. ಆಗ ದೃಷ್ಟಿ ಮೂಗಿನ ಕೆಳಗಿನ ನೆಲದ ಮೇಲಿರಬಾರದು, ರನ್‌ವೇಯ ತುದಿಯ ಮೇಲಿರಬೇಕು. ಹತ್ತಿರದ ನೆಲವನ್ನು ನೋಡುತ್ತಿದ್ದರೆ ಅದು ಧಾವಿಸಿ ಬರುವಂತೆ ಕಂಡು ಕೈ ಅವಸರಪಡುತ್ತದೆ. ಎಣಿಕೆಯ ಲಯವೇ ಇಲ್ಲಿ ಗುರು. ಅದು ನಿಧಾನವಾದರೆ ವಿಮಾನ ತೇಲುತ್ತಿದೆ, ಬಿರುಸಾದರೆ ಬೀಳುತ್ತಿದೆ. ಮೊದಲನೆಯ ಇಳಿತಕ್ಕೂ ಅದೇ ರನ್‌ವೇಯ ಮೂರನೆಯ ಇಳಿತಕ್ಕೂ ಕಾಣುವ ವ್ಯತ್ಯಾಸ ನಿಜಕ್ಕೂ ಹಿಗ್ಗು ತರುವಂಥದು.

ಈ ಕಾರಣಕ್ಕಾಗಿಯೇ ಇಂಥ ಕೇಂದ್ರಗಳು ಮುಂದಿಡುವ ‘ಪ್ರಸಿದ್ಧ ಹಾರಾಟ’ಗಳ ಪಟ್ಟಿಯ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ನಾನು ಹೋಗಿದ್ದ ಮತ್ತೊಂದು ಕೇಂದ್ರದಲ್ಲಿ ಗಂಟೆಯ ಬಹುಭಾಗ ಒಂದು ನಗರದಿಂದ ಇನ್ನೊಂದಕ್ಕೆ, ಒಂದು ಸಾಹಸದಿಂದ ಮತ್ತೊಂದಕ್ಕೆ ಜಿಗಿಯುವುದರಲ್ಲೇ ಕಳೆಯಿತು. ನಡುವೆ ವಿಮಾನವನ್ನು ನಡೆಸಿದ್ದು ಆಟೊಪೈಲಟ್. ಅಲ್ಲಿ ನೋಡಲು ಬಹಳವಿತ್ತು, ಮಾಡಲು ಏನೂ ಇರಲಿಲ್ಲ. ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರು ಹಾಂಗ್‌ಕಾಂಗ್‌ನ ಹಳೆಯ ವಿಮಾನ ನಿಲ್ದಾಣ ಕೈ ತಾಕ್. ಅಲ್ಲಿ 13ನೇ ರನ್‌ವೇಗೆ ಬರುವ ವಿಮಾನಗಳಿಗೆ ರೇಡಿಯೊ ಕಿರಣ ದಾರಿ ತೋರಿಸುತ್ತಿದ್ದುದು ರನ್‌ವೇಯ ಕಡೆಗಲ್ಲ, ಕೆಂಪು ಬಿಳಿ ಚೌಕಗಳನ್ನು ಬಳಿದಿದ್ದ ಗುಡ್ಡದ ಕಡೆಗೆ. ಅದನ್ನು ಕಣ್ಣಾರೆ ಕಂಡ ಮೇಲೆ ಪೈಲಟ್ ಕಟ್ಟಡಗಳ ಮೇಲೆ ತೀರ ತಗ್ಗಿನಲ್ಲಿ ಬಲಕ್ಕೆ ಸುಮಾರು 47 ಡಿಗ್ರಿ ತಿರುಗಿ ಇಳಿಯಬೇಕಿತ್ತು. 1998ರ ಜುಲೈನಲ್ಲಿ ಆ ನಿಲ್ದಾಣ ಮುಚ್ಚಿತು. ಇಂದು ಆ ತಿರುವನ್ನು ತೆಗೆದುಕೊಳ್ಳಲು ಸಿಮ್ಯುಲೇಟರ್ ಬಿಟ್ಟರೆ ದಾರಿಯಿಲ್ಲ. ಆದ್ದರಿಂದ ಕೈ ತಾಕ್ ಬೇಕೆನ್ನುವವರನ್ನು ನಾನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆ. ಆದರೆ ನೆಟ್ಟಗಿನ ರನ್‌ವೇಗೆ ಇಳಿಸುವುದು ಕೈಗೆ ಬರುವ ಮುನ್ನ ಅದಕ್ಕೆ ಹೋದರೆ ತಿರುವನ್ನು ತೆಗೆದುಕೊಳ್ಳುವವರು ಬೋಧಕರೇ ಆಗುತ್ತಾರೆ, ನೀವು ಯೋಕ್ ಹಿಡಿದುಕೊಂಡಿರುತ್ತೀರಿ ಅಷ್ಟೆ.

ಪಟ್ಟಿಯಲ್ಲಿ ಕಾಣುವ ಇನ್ನೊಂದು ಹೆಸರು ಹಡ್ಸನ್ ನದಿ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಿಂದ ಏರಿದ ಏರ್‌ಬಸ್ ಎ320 ಹಕ್ಕಿಗಳ ಹಿಂಡಿಗೆ ಬಡಿದು ಎರಡೂ ಎಂಜಿನ್‌ಗಳ ಶಕ್ತಿಯನ್ನು ಕಳೆದುಕೊಂಡಾಗ, ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಸುಮಾರು ಮೂರೂವರೆ ನಿಮಿಷಗಳಲ್ಲಿ ಅದನ್ನು ನದಿಯ ಮೇಲಿಳಿಸಿದರು. ಒಳಗಿದ್ದ 155 ಮಂದಿಯೂ ಬದುಕುಳಿದರು. ಇದನ್ನು ಸಿಮ್ಯುಲೇಟರ್‌ನಲ್ಲಿ ಆಡುವಾಗ ಮುಖ್ಯವಾದುದೊಂದು ಕೈಬಿಟ್ಟುಹೋಗುತ್ತದೆ: ಏನಾಗಲಿದೆ ಎಂಬುದು ನಿಮಗೆ ಮೊದಲೇ ಗೊತ್ತು. ಘಟನೆಯ ತನಿಖೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ಸಿಮ್ಯುಲೇಟರ್‌ನಲ್ಲಿ ಹಕ್ಕಿ ಬಡಿದ ತಕ್ಷಣವೇ ಹಿಂದಿರುಗಿದ ಪೈಲಟ್‌ಗಳಲ್ಲಿ ಕೆಲವರು ನಿಲ್ದಾಣವನ್ನು ತಲುಪಿದರು. ಆದರೆ ನಿಜವಾದ ಪೈಲಟ್‌ಗಳಿಗೆ ಪರಿಸ್ಥಿತಿ ಅರಿಯಲು, ನಿರ್ಧರಿಸಲು ಬೇಕಾಗುವ ಸಮಯವೆಂದು 35 ಸೆಕೆಂಡುಗಳನ್ನು ಸೇರಿಸಿ ನೋಡಿದಾಗ ವಿಮಾನ ಲಾಗಾರ್ಡಿಯಾವನ್ನು ಮುಟ್ಟಲಿಲ್ಲ. ಆ ದಿನದ ಕಷ್ಟವೆಲ್ಲ ಇದ್ದದ್ದು ಈ 35 ಸೆಕೆಂಡುಗಳಲ್ಲಿ. ಉಡುಗೊರೆಯ ಚೀಟಿ ಹಿಡಿದು ಬಂದವರಿಗೆ ಅದು ಸಿಗಲಾರದು. ಸಿಗುವುದು ನದಿಯ ಚಿತ್ರದ ಮೇಲಿನ ಒಂದು ಇಳಿತ ಮಾತ್ರ.

ಬೋಯಿಂಗೋ ಏರ್‌ಬಸ್ಸೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಮೊದಲ ಸಲಕ್ಕೆ 737. ಎ320ರಲ್ಲಿ ಪಕ್ಕದ ಪುಟ್ಟ ಸೈಡ್‌ಸ್ಟಿಕ್ ಅನ್ನು ವಾಲಿಸಿ ಬಿಟ್ಟರೆ ಕಂಪ್ಯೂಟರ್ ಆ ಸ್ಥಿತಿಯನ್ನು ಕಾಯ್ದುಕೊಳ್ಳುತ್ತದೆ, ಟ್ರಿಮ್ಮನ್ನೂ ತಾನೇ ನೋಡಿಕೊಳ್ಳುತ್ತದೆ. ಹೀಗಾಗಿ ಹೊಸಬರ ಕೈಯಲ್ಲೂ ಅದು ಸೌಮ್ಯವಾಗಿ ಹಾರುತ್ತದೆ. ಸುಲಭವಾಗಿ ಹಾರಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ. ಆದರೆ ಮೇಲೆ ಹೇಳಿದ ಸಮತೋಲದ ಕೆಲಸ ಅಲ್ಲಿ ನಿಮ್ಮ ಪಾಲಿಗೆ ಬರುವುದಿಲ್ಲ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. 737ರ ಎರಡು ಯೋಕ್‌ಗಳು ಒಂದಕ್ಕೊಂದು ಜೋಡಿಸಿಕೊಂಡಿವೆ. ಬಲಗಡೆ ಕುಳಿತ ಬೋಧಕರು ತಮ್ಮದನ್ನು ಎಷ್ಟು ಮೃದುವಾಗಿ ಒತ್ತುತ್ತಾರೆ ಎಂಬುದು ನಿಮ್ಮ ಅಂಗೈಗೇ ತಿಳಿಯುತ್ತದೆ. ಎ320ರ ಸೈಡ್‌ಸ್ಟಿಕ್‌ಗಳು ಹಾಗೆ ಒಟ್ಟಿಗೆ ಚಲಿಸುವುದಿಲ್ಲ, ಆದ್ದರಿಂದ ಬೋಧಕರ ಕೈ ನಿಮಗೆ ತಲುಪುವುದು ಮಾತಿನ ಮೂಲಕ ಮಾತ್ರ. ಕಲಿಯುವ ಕೈಗೆ ಇನ್ನೊಂದು ಕೈ ಕಲಿಸಿದಷ್ಟು ಬೇಗ ಯಾವ ವಿವರಣೆಯೂ ಕಲಿಸಲಾರದು.

ಕೊರತೆಗಳನ್ನೂ ಹೇಳಬೇಕು. ಸಾರ್ವಜನಿಕ ಸಿಮ್ಯುಲೇಟರ್‌ಗಳ ಯೋಕ್ ಅನೇಕ ಕಡೆ ಸ್ಪ್ರಿಂಗ್‌ನ ಬಲದಿಂದಷ್ಟೇ ಕೆಲಸ ಮಾಡುತ್ತದೆ; ನಿಜವಾದ ವಿಮಾನದಲ್ಲಿ ವೇಗ ಹೆಚ್ಚಿದಂತೆ ಅದು ಬಿಗಿಯಾಗುವ, ಕಡಿಮೆಯಾದಂತೆ ಸಡಿಲವಾಗುವ ಅನುಭವ ಅಲ್ಲಿ ಮಸುಕಾಗಿರುತ್ತದೆ. ನೆಲದ ತೀರ ಹತ್ತಿರದಲ್ಲಿ ಚಿತ್ರದ ವಿವರ ಸಾಲದೆ ಎತ್ತರವನ್ನು ಅಂದಾಜು ಮಾಡುವುದು ಕಷ್ಟವಾಗುತ್ತದೆ. ಕಂಟ್ರೋಲ್ ಟವರ್ ಜೊತೆಗಿನ ಸಂಭಾಷಣೆ ಬಹುತೇಕ ಇರುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಕುಟುಂಬದವರನ್ನು ಕೂರಿಸುವ ವ್ಯವಸ್ಥೆ ಚೆನ್ನಾಗಿದೆ. ಆದರೆ ಒಂದೇ ಗಂಟೆಯನ್ನು ಮೂವರು ನಾಲ್ವರು ಹಂಚಿಕೊಂಡರೆ ಯಾರಿಗೂ ಒಂದು ಪೂರ್ತಿ ಹಾರಾಟ ದಕ್ಕುವುದಿಲ್ಲ. ಎಂಜಿನ್ ಚಾಲೂ ಮಾಡುವ ಕ್ರಮವನ್ನು ಮೊದಲಿನಿಂದ ನೋಡುವುದು ನನ್ನಂಥವರಿಗೆ ಬಲು ಇಷ್ಟದ ಸಂಗತಿಯೇ ಆದರೂ ಅದು ಗಂಟೆಯ ದೊಡ್ಡ ಪಾಲನ್ನು ನುಂಗುತ್ತದೆ. ಎರಡು ಗಂಟೆ ಇದ್ದರೆ ಮಾತ್ರ ಕೇಳಬೇಕು.

ಇದಕ್ಕಿಂತ ನಿಜವಾದ ಪುಟ್ಟ ವಿಮಾನದ ಮೊದಲ ಪಾಠವೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಗಾಳಿಯ ತಳ್ಳಾಟ, ರೆಕ್ಕೆಯ ನಡುಕ, ಕೆಳಗಿನ ನೆಲದ ನಿಜವಾದ ಆಳ ಇವು ಯಾವ ಪರದೆಯಲ್ಲೂ ಸಿಗುವುದಿಲ್ಲ; ಗ್ಲೈಡರ್‌ನಲ್ಲಂತೂ ಏರುಗಾಳಿ ಸಿಕ್ಕಿತೆಂದು ಏರಿಳಿತದ ಮಾಪಕ ಕೀರಲು ದನಿಯಲ್ಲಿ ಕೂಗುವಾಗ ಆಗುವ ಪುಳಕ ಬೇರೆಯೇ. ಪೈಲಟ್ ಆಗುವ ಆಸೆ ಇರುವವರು ಅಲ್ಲಿಗೇ ಹೋಗಬೇಕು. ಆದರೆ ಅಲ್ಲಿ ಸುರಕ್ಷತೆಯ ಕಾರಣಕ್ಕೆ ಟೇಕಾಫ್ ಮತ್ತು ಇಳಿತವನ್ನು ಮೊದಲ ದಿನವೇ ಬಿಟ್ಟುಕೊಡುವುದಿಲ್ಲ, ಪ್ರಯಾಣಿಕ ವಿಮಾನದ ಕಾಕ್‌ಪಿಟ್ಟಿನ ಕನಸು ಕಂಡವರಿಗೆ ಆ ಕಾಕ್‌ಪಿಟ್ ಅಲ್ಲಿ ಸಿಗುವುದೂ ಇಲ್ಲ. ಎರಡೂ ಬೇರೆ ಬೇರೆ ಹಸಿವುಗಳು.

ಈ ಸೇವೆಯನ್ನು ಕಾದಿರಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವಿವರಣೆಗೆ ತಗಲುವ ಸಮಯ ಗಂಟೆಯ ಒಳಗಿನದೇ, ಹೊರಗಿನದೇ? ಬಲಗಡೆ ಕೂರುವವರು ಪೈಲಟ್ ಅಥವಾ ಹಾರಾಟದ ಬೋಧಕರಾಗಿ ಕೆಲಸ ಮಾಡಿದವರೇ? ಆಟೊಪೈಲಟ್ ಇಲ್ಲದೆ ಒಂದೇ ನಿಲ್ದಾಣದ ಸುತ್ತ ಹಾರಿ, ಅದೇ ರನ್‌ವೇಗೆ ಮತ್ತೆ ಮತ್ತೆ ಇಳಿಸಲು ಬಿಡುತ್ತಾರೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ, ಸ್ಥಿರ ಸಿಮ್ಯುಲೇಟರ್ ಆದರೂ ಧಾರಾಳವಾಗಿ ಹೋಗಬಹುದು. ವಿಮಾನಗಳನ್ನು ದೂರದಿಂದ ನೋಡಿ, ಅವುಗಳ ಆಕಾರ, ಬಣ್ಣ, ಚರಿತ್ರೆಗಳಲ್ಲಿ ಸುಖ ಕಾಣುವವರಿಗೆ ಒಳ್ಳೆಯ ವೈಮಾನಿಕ ವಸ್ತುಸಂಗ್ರಹಾಲಯದಲ್ಲಿ ಕಳೆದ ಒಂದು ದಿನ ಇದಕ್ಕಿಂತ ಹೆಚ್ಚು ತೃಪ್ತಿ ಕೊಟ್ಟೀತು. ಕಿಟಕಿಯ ಸೀಟಿನಲ್ಲಿ ಕುಳಿತು ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಯಾವಾಗ ಚಾಚಿಕೊಳ್ಳುತ್ತದೆ, ಎಂಜಿನ್‌ನ ಸದ್ದು ಯಾಕೆ ಇಳಿಯಿತು ಎಂದು ಲೆಕ್ಕ ಹಾಕುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ, ಈ ಒಂದು ಗಂಟೆಯನ್ನು ಅವರೊಬ್ಬರಿಗೇ ಇಡಿಯಾಗಿ ಕೊಡಿಸಿ. ಕಾದಿರಿಸುವಾಗಲೇ ಕೊನೆಯ ಅರ್ಧ ಗಂಟೆ ಬರೀ ಇಳಿತಗಳಿಗೆ ಮೀಸಲಿರಲಿ ಎಂದು ಹೇಳಿಡಿ.